ಪದೇ ಪದೇ ಕೇಳೋ ಪ್ರಶ್ನೆಗಳು: ಫಾರ್ವರ್ಡ್ ಮೆಸೇಜು, ಪ್ಲಾಸ್ಟಿಕ್ ಅಕ್ಕಿ, ಬೋರ್ ಪಾಯಿಂಟು, ಮತ್ತೆ ವಿಜ್ಞಾನಾನ ಎಷ್ಟು ನಂಬೋದು

ಚಿಂತಾಮಣಿ ಕಡೆ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ, ಈಗ ರಿಟೈರ್ಡು. ಸ್ಕೂಲುಗಳಲ್ಲಿ, ಡೈರಿ ಹತ್ರ, ಸ್ತ್ರೀಶಕ್ತಿ ಸಂಘದ ಮೀಟಿಂಗುಗಳಲ್ಲಿ ಕರೆದ್ರೆ ಹೋಗಿ ಮಾತಾಡ್ತೀನಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಎಲ್ಲಿಗೆ ಹೋದ್ರೂ ಪ್ರಶ್ನೆಗಳು ಮಾತ್ರ ಅವೇ. ಕೆಲವ್ರು ಫೋನಲ್ಲಿ ಕೇಳ್ತಾರೆ, ಇಬ್ರು ಮೂವರು ಇನ್ನೂ ಇನ್‌ಲ್ಯಾಂಡ್ ಲೆಟರಲ್ಲಿ ಬರೀತಾರೆ. ಬಾಗೇಪಲ್ಲಿ ಕಡೆಯೋರು ತೆಲುಗಲ್ಲಿ ಕೇಳಿದ್ದನ್ನ ಕನ್ನಡಕ್ಕೆ ಹಾಕಿದೀನಿ, ಮಿಕ್ಕಿದ್ದು ಅವರವರ ಮಾತಲ್ಲೇ ಇದೆ.

## ಶುರುವಿನ ಪ್ರಶ್ನೆಗಳು

ವಾಟ್ಸಾಪಲ್ಲಿ ಬಂದಿದ್ದು ನಿಜಾನೋ ಸುಳ್ಳೋ ನಮಗೆ ಹೆಂಗೆ ಗೊತ್ತಾಗ್ಬೇಕು ಸಾರ್? ನಾವೇನು ಸೈಂಟಿಸ್ಟಾ?

ಸೈಂಟಿಸ್ಟ್ ಆಗೋದು ಬೇಡ, ಎಮ್ಮೆ ಕೊಳ್ಳೋಕೆ ಸಂತೆಗೆ ಹೋದಾಗ ಇರೋ ಬುದ್ಧಿ ಸಾಕು. ಎಮ್ಮೆ ಮಾರೋನು ಹನ್ನೆರಡು ಲೀಟರ್ ಕೊಡತ್ತೆ ಅಂದ್ರೆ ಸುಮ್ನೆ ದುಡ್ಡು ಎಣಿಸ್ತೀರಾ? ಹಲ್ಲು ನೋಡ್ತೀರಿ, ಕರೆದು ತೋರ್ಸು ಅಂತೀರಿ, ಯಾವೂರು ಯಾಕೆ ಮಾರ್ತಿದೀಯ ಅಂತೆಲ್ಲಾ ಕೇಳ್ತೀರಿ. ಮೆಸೇಜಿಗೂ ಅಷ್ಟೇ. ಹೇಳಿದ್ದು ಯಾರು, ಹೆಸರಿದ್ಯಾ, ಯಾವ ತಾರೀಖು, ಎಲ್ಲಿ ಆಗಿದ್ದು? "ನಾಸಾ ವಿಜ್ಞಾನಿಗಳು ದೃಢಪಡಿಸಿದ್ದಾರೆ", "ಯುನೆಸ್ಕೋ ಘೋಷಿಸಿದೆ" ಅಂತ ಇದ್ದು ವಿಜ್ಞಾನಿ ಹೆಸರೂ ಇಲ್ಲ ದಿನಾಂಕಾನೂ ಇಲ್ಲ ಅಂದ್ರೆ ಅದು ಹಲ್ಲು ನೋಡೋಕೆ ಬಿಡದೆ ಮಾರೋ ಎಮ್ಮೆ. ಇನ್ನೊಂದು ಗುರುತು, ಮೆಸೇಜ್ ಮೇಲೆ ಎರಡು ಬಾಣದ ಗುರುತಿದ್ರೆ ಅದು ಈಗಾಗ್ಲೇ ಸುಮಾರು ಕೈ ದಾಟಿ ಬಂದಿದೆ ಅಂತ ಅರ್ಥ, ನಿಮ್ಮ ಮಾವನ ಮಗ ಕಳಿಸಿದ್ರೂ ಅದು ಅವನ ಮಾತಲ್ಲ, ಯಾರದ್ದೋ ಮಾತು.

ಓದಿದ ತಕ್ಷಣ ಸಿಟ್ಟೋ ಭಯಾನೋ ಜಾಸ್ತಿ ಬಂತಾ, ಆಗ ಮಾತ್ರ ಫೋನ್ ಕೆಳಗಿಟ್ಟು ಒಂದು ಲೋಟ ಕಾಫಿ ಕುಡೀರಿ. ನಿಮಗೆ ಹಂಗಾಗ್ಲಿ ಅಂತಾನೇ ಅದನ್ನ ಬರೆದಿರೋದು.

ಕಳಿಸಿದ್ರೆ ಏನಾಗತ್ತೆ, ನಿಜ ಆಗಿದ್ರೆ ನಾಲ್ಕು ಜನಕ್ಕೆ ಒಳ್ಳೇದು, ಸುಳ್ಳಾಗಿದ್ರೆ ಹೋಗ್ಲಿ ಬಿಡಿ?

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಮೆಸೇಜ್ ಕೂಡ ಜನ ಹಿಂಗೇ "ಇರ್ಲಿ, ಹುಷಾರಾಗಿರ್ಲಿ" ಅಂತ ಕಳಿಸಿದ್ದು. ಅದರ ಜೊತೆ ಓಡಾಡಿದ ವಿಡಿಯೋ ಕರಾಚೀಲಿ ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸೋಕೆ ಮಾಡಿದ ಜಾಹೀರಾತು, ಕೊನೇಲಿ ಮಗೂನ ವಾಪಸ್ ಬಿಡೋ ಭಾಗ ಕತ್ತರಿಸಿ ಇಲ್ಲಿಗೆ ಬಿಟ್ಟಿದ್ರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೇಲಿ ಕೆಲಸ ಹುಡುಕ್ಕೊಂಡು ಬಂದಿದ್ದ ರಾಜಸ್ಥಾನದ ಹುಡುಗನ್ನ ಜನ ಹೊಡೆದು ಸಾಯಿಸಿದ್ರು, ಜುಲೈನಲ್ಲಿ ಬೀದರ್ ಜಿಲ್ಲೇಲಿ ಮಕ್ಕಳಿಗೆ ಚಾಕ್ಲೇಟ್ ಕೊಟ್ಟ ಇನ್ನೊಬ್ಬನೂ ಹಂಗೇ ಜನರ ಕೈಲಿ ಸತ್ತ. ಆಮೇಲೇ ವಾಟ್ಸಾಪ್‌ನೋರು ಇಂಡಿಯಾದಲ್ಲಿ ಒಂದು ಸಲಕ್ಕೆ ಐದೇ ಜನಕ್ಕೆ ಫಾರ್ವರ್ಡ್ ಅಂತ ಕಟ್ಟು ಹಾಕಿದ್ದು. ಕಳಿಸಿದೋರ್ಯಾರೂ ಕೊಲೆಗಾರರಲ್ಲ, ನಮ್ಮಂಥೋರೇ.

ಸೊಸೈಟಿ ಅಕ್ಕೀಲಿ ಪ್ಲಾಸ್ಟಿಕ್ ಅಕ್ಕಿ ಮಿಕ್ಸ್ ಮಾಡ್ತಾವ್ರೆ. ನೀರಿಗೆ ಹಾಕಿದ್ರೆ ತೇಲತ್ತೆ, ನಾನೇ ಕಣ್ಣಾರೆ ನೋಡಿದೀನಿ, ಇದನ್ನೂ ಸುಳ್ಳು ಅಂತೀರಾ?

ನೀವು ನೋಡಿದ್ದು ನಿಜ, ತೇಲಿದ್ದೂ ನಿಜ. ಅದು ಪ್ಲಾಸ್ಟಿಕ್ ಅಲ್ಲ ಅಷ್ಟೇ. ಅದಕ್ಕೆ ಸಾರವರ್ಧಿತ ಅಕ್ಕಿ ಅಂತಾರೆ. ಅಕ್ಕಿಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ವಿಟಮಿನ್ ಕಲಸಿ ಮಿಷನ್ನಲ್ಲಿ ಶಾವಿಗೆ ಒತ್ತಿದಂಗೆ ಒತ್ತಿ ಅಕ್ಕಿ ಆಕಾರಕ್ಕೆ ಕತ್ತರಿಸ್ತಾರೆ, ಆಮೇಲೆ ಮಾಮೂಲಿ ಅಕ್ಕಿ ನೂರು ಕೆಜಿಗೆ ಇದು ಒಂದು ಕೆಜಿ ಲೆಕ್ಕದಲ್ಲಿ ಬೆರೆಸ್ತಾರೆ. ಸಾರ್ವಜನಿಕ ವಿತರಣೆಯ ಅಕ್ಕೀನೆಲ್ಲಾ ಹಿಂಗೆ ಮಾಡ್ತೀವಿ ಅಂತ 2021ರ ಆಗಸ್ಟ್ 15ರ ಭಾಷಣದಲ್ಲಿ ಪ್ರಧಾನಿ ಹೇಳಿದ್ರು. ಹಿಟ್ಟಿಂದ ಮಾಡಿದ್ದಕ್ಕೆ ಕಾಳು ಸ್ವಲ್ಪ ಹಗುರ, ಅದಕ್ಕೇ ಕೆಲವು ತೇಲತ್ತೆ, ಬಣ್ಣಾನೂ ಒಂಚೂರು ಬೇರೆ.

ಅನುಮಾನ ಇದ್ರೆ ನೀವೇ ಪರೀಕ್ಷೆ ಮಾಡಿ. ಆ ಕಾಳನ್ನ ಆರಿಸಿ ಒಂದು ಸಣ್ಣ ಪಾತ್ರೇಲಿ ಬೇಯಿಸಿ ಕಿವುಚಿ, ಅನ್ನದಂಗೆ ಆಗತ್ತೆ. ಪಕ್ಕದಲ್ಲಿ ಹರಿದ ಕವರ್ ಚೂರು ಹಾಕಿ ಬೇಯಿಸಿ, ಅದು ಕವರ್ರೇ. ಒಂದು ಸಂಘದಲ್ಲಿ ಹೆಣ್ಣುಮಕ್ಕಳು ನನ್ನ ಮುಂದೇನೇ ಹಿಂಗೆ ಮಾಡಿದ್ರು, ನಾನು ಅರ್ಧ ಗಂಟೆ ಭಾಷಣ ಮಾಡಿದ್ರೂ ಆಗದಿದ್ದ ಕೆಲಸ ಆ ಪಾತ್ರೇಲಿ ಆಯ್ತು.

ಆದ್ರೆ ತಪ್ಪು ಬರೀ ಜನರದ್ದು ಅನ್ನೋದು ಅನ್ಯಾಯ. ಅಕ್ಕೀಲಿ ಹೊಸ ಕಾಳು ಬೆರೆಸಿ, ಏನು ಬೆರೆಸಿದೀವಿ ಅಂತ ಊಟ ಮಾಡೋರಿಗೆ ಸರಿಯಾಗಿ ಹೇಳ್ದೆ ಇದ್ರೆ ಆ ಜಾಗ ಖಾಲಿ ಇರಲ್ಲ, ಯಾರೋ ಒಬ್ಬ ವಿಡಿಯೋ ಮಾಡಿ ತುಂಬ್ತಾನೆ. ಈ ಅಕ್ಕಿಯಿಂದ ರಕ್ತಹೀನತೆ ನಿಜಕ್ಕೂ ಎಷ್ಟು ಕಮ್ಮಿ ಆಗತ್ತೆ ಅಂತ ಪರಿಣಿತರಲ್ಲೇ ವಾದ ಇದೆ, ಅದನ್ನ ಕೇಳೋದು ಸರಿಯಾದ ಪ್ರಶ್ನೆ. ಥಲಸ್ಸೀಮಿಯಾ (ಹುಟ್ಟಿಂದ ಬರೋ ಒಂದು ರಕ್ತದ ಕಾಯಿಲೆ) ಇರೋರು ಮನೇಲಿದ್ರೆ ಡಾಕ್ಟ್ರನ್ನ ಒಂದು ಮಾತು ಕೇಳಿ.

ಟೊಮೆಟೊ ಜ್ವರ ಬಂದಿತ್ತಲ್ಲಾ, ಟೊಮೆಟೊ ತಿಂದ್ರೆ ಬರತ್ತಾ ಅದು?

ಇಲ್ಲ. 2022ರ ಮೇನಲ್ಲಿ ಕೇರಳದ ಕೊಲ್ಲಂ ಕಡೆ ಮಕ್ಕಳಿಗೆ ಕೆಂಪಗೆ ಗುಳ್ಳೆ ಬಂತು, ಗುಳ್ಳೆ ಟೊಮೆಟೊ ಥರ ಕಾಣ್ತಿತ್ತು ಅಂತ ಆ ಹೆಸರು ಬಿತ್ತು, ಗಿಡಕ್ಕೂ ಹಣ್ಣಿಗೂ ಸಂಬಂಧಾನೇ ಇಲ್ಲ. ಮೊದಲು ಹೊಸ ವೈರಸ್ ಅಂತ ಡಾಕ್ಟ್ರುಗಳ ಪತ್ರಿಕೇಲೂ ಬಂತು, ಆಮೇಲೆ ಪರೀಕ್ಷೇಲಿ ಅದು ಮಕ್ಕಳಲ್ಲಿ ಮೊದಲಿಂದಲೂ ಕಾಣಿಸೋ ಕೈ-ಕಾಲು-ಬಾಯಿ ಗುಳ್ಳೆ ರೋಗವೇ ಅಂತ ಗೊತ್ತಾಯ್ತು. ಕೋಲಾರ ಎಪಿಎಂಸಿ ನಂಬ್ಕೊಂಡು ಬದುಕೋ ನಮಗೆ ಆ ಹೆಸರು ಇಟ್ಟೋರ ಮೇಲೆ ಸಿಟ್ಟು ಬರೋದು ನ್ಯಾಯಾನೇ ಬಿಡಿ. ಬಾಕ್ಸ್ ರೇಟ್ ಬೀಳೋಕೆ ಇಲ್ಲಿ ನೂರು ಕಾರಣ ಇದೆ, ನೂರೊಂದನೇದು ಬೇಕಿರಲಿಲ್ಲ.

ಫ್ಲೋರೈಡ್ ನೀರು ಕುದಿಸಿ ಕುಡಿದ್ರೆ ಸಾಕಲ್ವಾ?

ಸಾಲಲ್ಲ, ಉಲ್ಟಾ ಆಗತ್ತೆ. ಕುದಿಸಿದ್ರೆ ಕ್ರಿಮಿ ಸಾಯತ್ತೆ, ಫ್ಲೋರೈಡ್ ಕ್ರಿಮಿ ಅಲ್ಲ, ಉಪ್ಪಿದ್ದಂಗೆ. ಸಾರು ಜಾಸ್ತಿ ಕುದಿಸಿದ್ರೆ ಉಪ್ಪು ಮುಂದಾಗಲ್ವಾ, ಹಂಗೇ ನೀರು ಆವಿಯಾದಷ್ಟೂ ಫ್ಲೋರೈಡ್ ಗಟ್ಟಿ ಆಗತ್ತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ ಪರವಾಗಿಲ್ಲ ಅನ್ನೋದು ಲೆಕ್ಕ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಆಳದ ಬೋರುಗಳಲ್ಲಿ ಇದನ್ನ ದಾಟಿರೋದು ಹೊಸದಲ್ಲ, ನಮ್ಮ ಗ್ರಾನೈಟ್ ಬಂಡೆಯೊಳಗೇ ಫ್ಲೋರೈಡ್ ಇದೆ. ಪಂಚಾಯ್ತಿ ಶುದ್ಧ ನೀರಿನ ಘಟಕದ ಆರ್‌ಓ ಸರಿಯಾಗಿ ಕೆಲಸ ಮಾಡ್ತಿದ್ರೆ ತೆಗೆಯತ್ತೆ. ಸರಿಯಾಗಿ ಮಾಡ್ತಿದ್ಯಾ ಅಂತ ವರ್ಷಕ್ಕೆ ಎರಡು ಸಲ ಪರೀಕ್ಷೆ ರಿಪೋರ್ಟ್ ಗೋಡೆಗೆ ಅಂಟಿಸಿ ಅಂತ ಗ್ರಾಮಸಭೇಲಿ ಕೇಳಿ.

## ಸ್ವಲ್ಪ ಕಷ್ಟದ್ದು

ತೆಂಗಿನಕಾಯಿ ಕೈಯಲ್ಲಿ ಇಟ್ಕೊಂಡು ಬೋರ್ ಪಾಯಿಂಟ್ ಮಾಡ್ತಾರಲ್ಲ, ಅವರು ಹೇಳಿದ ಕಡೆ ನೀರು ಬಿದ್ದಿದೆ. ಜಿಯಾಲಜಿಸ್ಟ್ ಹೇಳಿದ ಕಡೆ ಫೇಲ್ ಆಯ್ತು. ಯಾರನ್ನ ನಂಬೋದು?

ಈ ಪ್ರಶ್ನೆ ಬರದ ಹಳ್ಳಿ ಮೂರು ಜಿಲ್ಲೇಲೂ ನಾನು ಕಂಡಿಲ್ಲ. ಸಾವಿರ, ಸಾವಿರದ ಐನೂರು ಅಡಿ ಕೊರೆಸೋಕೆ ಒಡವೆ ಅಡ ಇಟ್ಟಿರೋನ ಮುಂದೆ "ಅದು ಮೂಢನಂಬಿಕೆ ಕಣಯ್ಯಾ" ಅಂತ ಹೇಳೋದು ಸುಲಭ, ಹಂಗೆ ಹೇಳಿ ಬೈಸ್ಕೊಂಡಿದೀನಿ ಕೂಡ.

ಮೊದಲು ಕಾಯಿ ಯಾಕೆ ಏಳತ್ತೆ ಅಂತ ನೋಡಣ. ಅಂಗೈ ಮೇಲೆ ಅಡ್ಡ ಮಲಗಿಸಿದ ಕಾಯಿ ನಿಲ್ಲೋದೇ ಕಷ್ಟ, ಬೆರಳು ಕೂದಲೆಳೆಯಷ್ಟು ಅಲುಗಾಡಿದ್ರೂ ಎದ್ದು ನಿಲ್ಲತ್ತೆ. ನಮ್ಮ ಮನಸ್ಸು ಇಲ್ಲೇ ಅಂದ್ಕೊಂಡಾಗ ಸ್ನಾಯು ನಮಗೇ ಗೊತ್ತಾಗದಂಗೆ ಅಲುಗಾಡತ್ತೆ, ಹಂಗಾಗಿ ಪಾಯಿಂಟ್ ಮಾಡೋನು ಮೋಸಗಾರ ಅಂತ ನಾನು ಹೇಳ್ತಿಲ್ಲ, ಎಷ್ಟೋ ಜನ ತಾವೇ ಪೂರ್ತಿ ನಂಬಿರ್ತಾರೆ. ಇನ್ನು ನೀರು ಬಿದ್ದಿದ್ದು ಹೆಂಗೆ? ನಮ್ಮದು ಗಟ್ಟಿ ಬಂಡೆ ಸೀಮೆ, ಕೆಳಗೆ ಕೆರೆ ಥರ ನೀರಿಲ್ಲ, ಬಂಡೆ ಬಿರುಕಲ್ಲಿ ಇರತ್ತೆ. ಎಲ್ಲಿ ಕೊರೆದ್ರೂ ಯಾವುದಾದ್ರೂ ಬಿರುಕು ಸಿಗೋ ಛಾನ್ಸ್ ಇದ್ದೇ ಇರತ್ತೆ, ಸಿಕ್ಕಿದ್ದು ಊರಿಗೆಲ್ಲಾ ಗೊತ್ತಾಗತ್ತೆ, ಫೇಲ್ ಆದ ಬೋರಿನ ಬಾಯಿಗೆ ಕಲ್ಲು ಮುಚ್ಚಿ ಎಲ್ಲಾರೂ ಸುಮ್ಮನಾಗ್ತಾರೆ. ಅನುಭವಸ್ಥರು ಹಳ್ಳ, ಹುತ್ತ, ಹಸಿರು ಮರ ಎಲ್ಲಾ ಕಣ್ಣಲ್ಲೇ ಅಂದಾಜು ಮಾಡಿರ್ತಾರೆ, ಆ ಜ್ಞಾನ ಅವರದ್ದೇ, ಕೀರ್ತಿ ಮಾತ್ರ ಕಾಯಿಗೆ ಹೋಗತ್ತೆ.

ಜಿಯಾಲಜಿಸ್ಟೂ ದೇವರಲ್ಲ. ಅವರ ಮಿಷನ್ನು ನೆಲದೊಳಗೆ ಕರೆಂಟ್ ಬಿಟ್ಟು ಬಂಡೆ ಎಲ್ಲಿ ಸಡಿಲ ಇದೆ ಅಂತ ಅಂದಾಜು ಹೇಳತ್ತೆ, ಬಿರುಕಲ್ಲಿ ನೀರು ಉಳಿದಿದ್ಯಾ ಅಂತ ಗ್ಯಾರಂಟಿ ಕೊಡಲ್ಲ, ಸುತ್ತ ಐವತ್ತು ಬೋರು ಹೀರ್ತಿದ್ರೆ ಯಾವ ಮಿಷನ್ನೂ ನೀರು ಹುಟ್ಟಿಸಲ್ಲ. ನಾನು ಹೇಳೋದು ಇಷ್ಟು: ಪಾಯಿಂಟ್ ಮಾಡೋ ಇಬ್ಬರನ್ನ ಬೇರೆ ಬೇರೆ ದಿನ ಕರ್ಸಿ, ಮೊದಲನೆಯವನು ಹಾಕಿದ ಗುರುತು ಅಳಿಸಿ ನಿಮಗೆ ಮಾತ್ರ ಗೊತ್ತಿರೋ ಹಂಗೆ ಇಟ್ಕೊಳ್ಳಿ, ಎರಡನೆಯವನು ಅಲ್ಲೇ ನಿಲ್ತಾನಾ ನೋಡಿ. ನಾನು ಹೇಳಿದ ಮೇಲೆ ನಾಲ್ಕು ಜನ ಮಾಡಿ ನೋಡಿದಾರೆ. ನಾಲ್ಕೂ ಕಡೆ ಗುರುತು ಸೇರಲಿಲ್ಲ. ನಾಲ್ಕು ಸಾಕಾ ಅಂದ್ರೆ ಸಾಲಲ್ಲ, ಅದಕ್ಕೇ ನೀವೂ ಮಾಡಿ ನೋಡಿ ಅಂತಿರೋದು.

ನಮ್ಮ ತಾತ ಮಂತ್ರ ಹಾಕಿ ಹಾವು ಕಡಿದೋರನ್ನ ಬದುಕಿಸ್ತಿದ್ರು, ಅದು ಸುಳ್ಳಾ?

ಬದುಕಿದ್ದು ಸುಳ್ಳಲ್ಲ. ಹೊಲದಲ್ಲಿ ಕಡಿಯೋ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ, ಜೊತೆಗೆ ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರೀ ಕಚ್ಚಿ ಬಿಡತ್ತೆ. ಇಂಥೋರೆಲ್ಲಾ ಮಂತ್ರ ಹಾಕಿದ್ರೂ ಬದುಕ್ತಾರೆ, ಹಾಕದಿದ್ರೂ ಬದುಕ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರಲ್ಲಿ ಒಂದು ನಿಜವಾಗ್ಲೂ ವಿಷ ಬಿಟ್ಟಿದ್ರೆ ಔಷಧಿ ಒಂದೇ, ಆಸ್ಪತ್ರೇಲಿರೋ ಪ್ರತಿವಿಷ. ಅದನ್ನ ಕುದುರೆಗೆ ಚೂರು ಚೂರೇ ವಿಷ ಕೊಟ್ಟು, ಕುದುರೆ ರಕ್ತದಲ್ಲಿ ಹುಟ್ಟೋ ಪ್ರತಿಕಾಯ ತೆಗೆದು ಮಾಡ್ತಾರೆ, ವಿಷ ತೆಗೆಯೋ ಕೆಲಸ ತಮಿಳುನಾಡಿನ ಇರುಳ ಜನರ ಸಹಕಾರ ಸಂಘ ಎಷ್ಟೋ ವರ್ಷದಿಂದ ಮಾಡ್ತಿದೆ, ಅಂದ್ರೆ ಹಾವಿನ ಬಗ್ಗೆ ಗೊತ್ತಿರೋ ಬುಡಕಟ್ಟಿನೋರ ಕೈಗುಣ ಇಲ್ಲದೆ ಲ್ಯಾಬಿನ ಔಷಧಿ ಇಲ್ಲ.

ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಾಗಿ ಕಟ್ಟಬೇಡಿ, ಕೈಕಾಲು ಅಲುಗಾಡಿಸದೆ ಮೊದಲು ಆಸ್ಪತ್ರೆ. ಮಂತ್ರ ಹಾಕೋರು ಪರಿಚಯ ಇದ್ರೆ ಆಂಬುಲೆನ್ಸ್ ಒಳಗೆ ಕೂತು ಹಾಕ್ಲಿ, ನನ್ನ ತಕರಾರಿಲ್ಲ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತಾನ ಆಸ್ಪತ್ರೆಯೋರು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು, ಹಿಂಗೆ ಲೆಕ್ಕ ಸಿಕ್ಕಿದ್ರೇನೇ ಎಲ್ಲಿ ಎಷ್ಟು ಔಷಧಿ ಇಡಬೇಕು ಅಂತ ಗೊತ್ತಾಗೋದು.

ಭೂಮಿಯೊಳಗಿಂದ ಢಂ ಅಂತ ಸದ್ದು ಬಂತಲ್ಲ, ಗೌರಿಬಿದನೂರಲ್ಲಿ ಮಿಷನ್ ಇಟ್ಟಿರೋದ್ರಿಂದಂತೆ?

2021ರ ಕೊನೇಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಸದ್ದು ಕೇಳಿದ್ದು, ಡಿಸೆಂಬರ್‌ನಲ್ಲಿ ರಿಕ್ಟರ್ ಅಳತೇಲಿ 3ರ ಆಸುಪಾಸಿನ ಸಣ್ಣ ಕಂಪನ ಆಗಿದ್ದು ಎರಡೂ ನಿಜ, ಜನ ಚಳೀಲಿ ಮನೆ ಹೊರಗೆ ಮಲಗಿದ್ರು. ಆ ವರ್ಷ ಹಿಂದೆಂದೂ ಕಾಣದಂಥ ಮಳೆ, ಬತ್ತಿದ್ದ ಬಂಡೆ ಬಿರುಕಿಗೆಲ್ಲಾ ಒಂದೇ ಸಲ ನೀರು ನುಗ್ಗಿ ಒತ್ತಡ ಬದಲಾಗಿದ್ದೇ ಕಾರಣ ಇರಬೇಕು ಅಂತ ತಜ್ಞರು ಹೇಳಿದ್ರು. ಗೌರಿಬಿದನೂರಲ್ಲಿ 1960ರ ದಶಕದಿಂದ ಇರೋದು ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನ ಕೇಳಿಸ್ಕೊಳ್ಳೋ ಉಪಕರಣಗಳ ಸಾಲು, ಪ್ರಪಂಚದ ಎಲ್ಲೋ ಒಂದು ಕಡೆ ನೆಲದೊಳಗೆ ಅಣು ಬಾಂಬ್ ಪರೀಕ್ಷೆ ಮಾಡಿದ್ರೆ ಇಲ್ಲಿ ಗೊತ್ತಾಗತ್ತೆ. ಅದು ಕಿವಿ, ಬಾಯಿ ಅಲ್ಲ. ಅದರಿಂದ ಭೂಕಂಪ ಅನ್ನೋದು ಡಾಕ್ಟ್ರ ಸ್ಟೆತಸ್ಕೋಪ್ ಇಟ್ಟಿದ್ದಕ್ಕೇ ಎದೆ ಬಡ್ಕೊಳ್ತು ಅಂದಂಗೆ. ಇನ್ನು "ಇಂಥ ದಿನ ರಾತ್ರಿ ಹನ್ನೆರಡಕ್ಕೆ ಭೂಕಂಪ" ಅಂತ ಮೆಸೇಜ್ ಬಂದ್ರೆ ನೇರ ಡಿಲೀಟ್ ಮಾಡಿ, ಗಂಟೆ ಹೇಳಿ ಭೂಕಂಪ ಮುಂಚೇನೇ ಹೇಳೋ ವಿದ್ಯೆ ಇನ್ನೂ ಯಾವ ದೇಶದಲ್ಲೂ ಇಲ್ಲ.

ಪಾವಗಡದ ಸೋಲಾರ್ ಪ್ಲೇಟ್‌ಗಳು ಮೋಡ ಓಡಿಸಿಬಿಡ್ತಾವೆ, ಅದಕ್ಕೇ ಮಳೆ ಇಲ್ಲ ಅಂತಾರೆ?

ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆ ರೈತರು ಗುತ್ತಿಗೆಗೆ ಕೊಟ್ಟಿದ್ದೇ ಮಳೆ ಇಲ್ಲ ಬೆಳೆ ಇಲ್ಲ ಅಂತ, ಬರ ಮೊದಲು ಬಂತು ಪ್ಲೇಟು ಆಮೇಲೆ ಬಂದ್ವು. ಪ್ಲೇಟ್ ಇರೋ ಜಾಗದಲ್ಲಿ ಸೆಕೆ ಒಂಚೂರು ಜಾಸ್ತಿ ಅನ್ನಿಸ್ಬೋದು, ಅದು ಬೇರೆ ವಿಷಯ. ಮಳೆ ಮೋಡ ಬರೋದು ಸಮುದ್ರದ ಕಡೆಯಿಂದ, ನೂರಾರು ಕಿಲೋಮೀಟರ್ ಲೆಕ್ಕದ ಗಾಳಿ ಅದು.

ಕೋವಿಡ್ ಲಸಿಕೆ ಹಾಕಿಸ್ಕೊಂಡಿದ್ದಕ್ಕೇ ಹುಡುಗರಿಗೆಲ್ಲಾ ಹಾರ್ಟ್ ಅಟ್ಯಾಕ್ ಆಗ್ತಿದೆ, ಕಂಪನೀನೇ ಒಪ್ಕೊಂಡಿದೆಯಲ್ಲ?

ಕಂಪನಿ ಒಪ್ಕೊಂಡಿದ್ದು ಹಾರ್ಟ್ ಅಟ್ಯಾಕ್ ಅಲ್ಲ. 2024ರಲ್ಲಿ ಅಸ್ಟ್ರಾಜೆನೆಕಾ (ನಮ್ಮಲ್ಲಿ ಕೋವಿಶೀಲ್ಡ್ ಅಂತ ಕೊಟ್ಟ ಲಸಿಕೆಯ ಮೂಲ ಕಂಪನಿ) ಇಂಗ್ಲೆಂಡ್ ಕೋರ್ಟಲ್ಲಿ ಹೇಳಿದ್ದು ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯೋ ಒಂದು ತೀರಾ ಅಪರೂಪದ ತೊಂದರೆ ಬಗ್ಗೆ. ಅದು 2021ರ ಮಾರ್ಚ್, ಏಪ್ರಿಲ್‌ನಲ್ಲೇ ಯುರೋಪಿನ ಡಾಕ್ಟ್ರುಗಳು ಹಿಡಿದು ಹೊರಗೆ ಹಾಕಿದ ವಿಷಯ, ಲಸಿಕೆ ಹಾಕಿಸಿದ ಕೆಲವೇ ವಾರದೊಳಗೆ ಕಾಣಿಸೋ ಅಂಥದ್ದು, ಮೂರು ವರ್ಷ ಆದ್ಮೇಲೆ ಬರೋದಲ್ಲ. ಹಠಾತ್ ಸಾವಿನ ಬಗ್ಗೆ ಐಸಿಎಂಆರ್‌ನೋರು, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೋರು, 18ರಿಂದ 45 ವಯಸ್ಸಿನೋರ ಮೇಲೆ 47 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನ 2023ರಲ್ಲಿ ಬಂತು, ಲಸಿಕೆಯಿಂದ ಅಪಾಯ ಜಾಸ್ತಿ ಆಗಿರಲಿಲ್ಲ. ಕೋವಿಡ್‌ಗೆ ಆಸ್ಪತ್ರೆ ಸೇರಿದ್ದೋರು, ಮನೇಲಿ ಹಂಗೆ ಸತ್ತೋರು ಇದ್ದೋರು, ಒಂದೇ ಸಲ ಜಾಸ್ತಿ ಕುಡಿದೋರು ಇವರಲ್ಲಿ ಜಾಸ್ತಿ ಕಂಡಿತ್ತು. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ತುಮಕೂರು ಕಡೆಯಿಂದಲೂ ಜನ ಬೆಂಗಳೂರಿಗೆ ಹೃದಯ ಪರೀಕ್ಷೆಗೆ ಓಡಿದ್ರು, ಆಗ ರಾಜ್ಯದ ತಜ್ಞರ ಸಮಿತೀನೂ ಲಸಿಕೆ ಕಾರಣ ಅಂತ ಹೇಳಲಿಲ್ಲ.

ಮಗ ಕಳಕೊಂಡೋರು ಈ ಪ್ರಶ್ನೆ ಕೇಳಿದ್ರೆ ಮಾತ್ರ ನಾನು ಅಧ್ಯಯನದ ಹೆಸರು ಎತ್ತಲ್ಲ. ಕೂತು ಕೇಳಿಸ್ಕೊಂಡು ಬರ್ತೀನಿ.

ನಮ್ಮ ಮನೇಲಿ ಹೇಳಿದ್ರೆ ಕೇಳಲ್ಲ ಸಾರ್, ಜಗಳಾನೇ ಆಗತ್ತೆ. ಹೆಂಗೆ ಹೇಳೋದು?

ನನ್ನ ಮನೇದೇ ಹೇಳ್ತೀನಿ. ನಮ್ಮಕ್ಕ ಶ್ರೀನಿವಾಸಪುರದಲ್ಲಿದಾಳೆ, ಸಕ್ಕರೆ ಕಾಯಿಲೆ. ಒಂದು ವಿಡಿಯೋ ನೋಡಿ ಮಾತ್ರೆ ಬಿಟ್ಟು ದಿನಾ ಬೆಳಿಗ್ಗೆ ಇನ್ಸುಲಿನ್ ಗಿಡದ ಎಲೆ ಅಗಿಯೋಕೆ ಶುರು ಮಾಡಿದ್ಲು. ನಾನು ಮೇಷ್ಟ್ರಲ್ವಾ, ಹೋಗಿ ಎಲ್ಲಾರ ಮುಂದೇನೇ ಪಾಠ ಮಾಡಿದೆ, ಇಷ್ಟು ವಯಸ್ಸಾಗಿ ಬುದ್ಧಿ ಇಲ್ವಾ ಅಂತ ಕೂಗಾಡಿದೆ. ಅವಳು ಏನೂ ಮಾತಾಡಲಿಲ್ಲ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಎಲೆ ಬಿಡಲಿಲ್ಲ, ನನಗೆ ಹೇಳೋದು ಬಿಟ್ಲು.

ಎರಡು ತಿಂಗಳು ಬಿಟ್ಟು ಹೋದಾಗ ಸುಮ್ನೆ ಕೇಳಿದೆ, ಅಕ್ಕಾ ಆ ವಿಡಿಯೋದಲ್ಲಿ ಏನು ಇಷ್ಟ ಆಯ್ತು ಅಂತ. ಅವಳು ಹೇಳಿದ್ದು ಇದು: "ಆಸ್ಪತ್ರೇಲಿ ಡಾಕ್ಟ್ರು ತಲೆ ಎತ್ತಿ ನನ್ನ ಮುಖ ನೋಡಲ್ಲ ಕಣೋ, ಚೀಟಿ ಬರೆದು ನೆಕ್ಸ್ಟ್ ಅಂತಾರೆ. ಆ ಹುಡುಗ ಹತ್ತು ನಿಮಿಷ ಅಮ್ಮಾ ಅಮ್ಮಾ ಅಂತ ಹೇಳ್ತಾನೆ." ಎಲೇನಲ್ಲ ಅವಳು ನಂಬಿದ್ದು, ಹತ್ತು ನಿಮಿಷ ಕೊಟ್ಟೋನನ್ನ. ಇದು ಗೊತ್ತಾದ ಮೇಲೆ ನಾನು ವಾದ ಮಾಡಲಿಲ್ಲ, ಸಕ್ಕರೆ ನೋಡೋ ಸಣ್ಣ ಮಿಷನ್ ತಂದುಕೊಟ್ಟೆ, ಎಲೆ ತಿನ್ನು, ಪರೀಕ್ಷೆ ಮಾಡಿ ಕ್ಯಾಲೆಂಡರ್ ಮೇಲೆ ನೀನೇ ಬರಿ ಅಂದೆ. ಹದಿನೈದು ದಿನಕ್ಕೆ ಅವಳೇ ಫೋನ್ ಮಾಡಿ ಮಾತ್ರೆ ಮತ್ತೆ ಶುರು ಮಾಡಿದೀನಿ ಕಣೋ ಅಂದ್ಲು. ಎಲೆ ಇನ್ನೂ ತಿಂತಾಳೆ. ತಿನ್ಲಿ ಬಿಡಿ.

ಗ್ರೂಪಲ್ಲಿ ಎಲ್ಲಾರ ಮುಂದೆ ತಪ್ಪು ತೋರಿಸಬೇಡಿ, ಪ್ರೈವೇಟ್ ಆಗಿ ಹೇಳಿ, ಮೊದಲು ಅವರು ಯಾಕೆ ಹೆದರಿದ್ರು ಅಂತ ಕೇಳಿ. ಸುಳ್ಳು ಅಂತ ಹೇಳಿ ಕೈ ತೊಳಕೋಬೇಡಿ, ನಿಜ ಏನು ಅಂತಾನೂ ಹೇಳಬೇಕು, ಪ್ಲಾಸ್ಟಿಕ್ ಅಲ್ಲ ಅಂದ್ರೆ ಸಾಲಲ್ಲ, ಮತ್ತೇನದು ಅಂತ ಹೇಳಿದ್ರೇನೇ ಮನಸ್ಸಿಗೆ ಸಮಾಧಾನ.

## ಇನ್ನೂ ಆಳದ್ದು

ವಿಜ್ಞಾನಿಗಳು ಇವತ್ತೊಂದು ಹೇಳ್ತಾರೆ ನಾಳೆ ಒಂದು ಹೇಳ್ತಾರೆ, ಹೆಂಗೆ ನಂಬೋದು?

ಇದಕ್ಕೆ ನಮ್ಮ ಕೆಜಿಎಫ್ ಉದಾಹರಣೇನೇ ಸಾಕು. ಚಿನ್ನದ ಗಣಿ ಒಳಗೆ ಎರಡು ಕಿಲೋಮೀಟರಿಗಿಂತ ಆಳದಲ್ಲಿ ಮುಂಬೈ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯೋರು ಜಪಾನ್, ಇಂಗ್ಲೆಂಡಿನೋರ ಜೊತೆ ಉಪಕರಣ ಇಟ್ಟು, ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣ ವಾತಾವರಣಕ್ಕೆ ಬಡಿದಾಗ ಹುಟ್ಟೋ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣಗಳನ್ನ 1965ರಲ್ಲಿ ಮೊದಲ ಸಲ ಹಿಡಿದ್ರು, ಹೆಚ್ಚುಕಮ್ಮಿ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣೀಲೂ ಇನ್ನೊಂದು ತಂಡ ಹಿಡೀತು. ಇಬ್ಬರಿಗೂ ಸಿಕ್ತು, ಹಂಗಾಗಿ ಅದು ನಿಂತ್ಕೊಳ್ತು. ಆಮೇಲೆ 1980ರ ದಶಕದಲ್ಲಿ ಅದೇ ಗಣೀಲಿ ಪ್ರೋಟಾನ್ (ಪರಮಾಣುವಿನ ನಡುವೆ ಇರೋ ಕಣ) ಒಡೆದು ಹೋಗೋದು ಕಂಡಿರಬಹುದು ಅಂತ ಕೆಲವು ಗುರುತು ಪ್ರಕಟ ಮಾಡಿದ್ರು. ನಿಜ ಆಗಿದ್ರೆ ಪ್ರಪಂಚವೇ ತಿರುಗಿ ನೋಡೋ ಅಂಥದ್ದು. ಅಮೆರಿಕಾ, ಜಪಾನ್‌ನೋರು ಇನ್ನೂ ದೊಡ್ಡ ಉಪಕರಣ ಕಟ್ಟಿ ಹುಡುಕಿದ್ರು, ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ, ಆ ಮಾತು ಅಲ್ಲಿಗೆ ನಿಂತುಹೋಯ್ತು. ಗಣೀನೂ 2001ರಲ್ಲಿ ಮುಚ್ಚಿತು.

ಒಂದೇ ಜಾಗ, ಅದೇ ಸಂಸ್ಥೆ, ಒಂದು ಉಳೀತು ಒಂದು ಬಿತ್ತು. ಉಳಿಸಿದ್ದು ಹೇಳಿದೋರ ಹೆಸರಲ್ಲ, ಬೇರೆಯೋರು ಮಾಡಿ ನೋಡಿದಾಗ ಸಿಗ್ತಾ ಇಲ್ವಾ ಅನ್ನೋದು. ಕೋವಿಡಲ್ಲಿ ವಾಸಿಯಾದೋರ ರಕ್ತದ ದ್ರವ ಭಾಗ ಕೊಡೋ ಪ್ಲಾಸ್ಮಾ ಚಿಕಿತ್ಸೆ ಮೊದಲು ಕೊಟ್ರು, ಪರೀಕ್ಷೇಲಿ ಉಪಯೋಗ ಕಾಣದಿದ್ದಾಗ 2021ರ ಮೇನಲ್ಲಿ ಕೈಬಿಟ್ರು. ಇದನ್ನ ಮಾತು ತಪ್ಪೋದು ಅಂತ ನೋಡಬೇಡಿ, ಲೆಕ್ಕ ತಿದ್ದೋದು. ನಾನು ಅನುಮಾನ ಪಡೋದು ನಲವತ್ತು ವರ್ಷದಿಂದ ಒಂದೇ ಮಾತು ಹೇಳ್ತಿರೋ, ಒಂದೇ ಎಣ್ಣೇಲಿ ಮೂವತ್ತು ಕಾಯಿಲೆ ವಾಸಿ ಅನ್ನೋ ಪಾರ್ಟಿಗಳ ಮೇಲೆ. ಆದ್ರೂ ಒಂದು ದೂರು ನಿಮ್ಮ ಪರವಾಗಿ ಹೇಳ್ಬೇಕು, ತಿದ್ದಿದಾಗ "ನಿನ್ನೆ ಹೇಳಿದ್ದು ಬದಲಾಗಿದೆ, ಯಾಕಂದ್ರೆ ಹಿಂಗೆ" ಅಂತ ಬಾಯಿಬಿಟ್ಟು ಹೇಳೋ ಅಧಿಕಾರಿಗಳು ಕಮ್ಮಿ.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಪ್ರಶ್ನೆ ಕೇಳಿದ್ರೆ ನಾವೂ ಸುಳ್ಳು ಸುದ್ದಿ ಹರಡೋರಾ? ಸೈಂಟಿಸ್ಟುಗಳು ಸರಿ ಇದೆ ಅಂದ್ಮೇಲೆ ಮುಚ್ಕೊಂಡಿರಬೇಕಾ?

ಖಂಡಿತ ಇಲ್ಲ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಪೂಜೆ ಮಾಡಿ ಕೈಮುಗಿದ್ರು, ಮುಂದಿನ ತಿಂಗಳೇ ನೊರೆ ಎದ್ದಾಗ ಅದೇ ಜನ ಹೆದರಿದ್ರು, ಎರಡೂ ಸಹಜವೇ. ಹೈಕೋರ್ಟ್ ತಡೆ ಕೊಡ್ತು, ಆಮೇಲೆ ಷರತ್ತು ಹಾಕಿ ಬಿಡ್ತು, ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು.

ಇದರಲ್ಲಿ ಮೂರು ಥರದ ಮಾತು ಕಲಸಿಹೋಗಿದೆ. "ಆ ನೀರು ಮುಟ್ಟಿದ್ರೆ ಕ್ಯಾನ್ಸರ್", "ಅದರಲ್ಲಿ ಬೆಳೆದ ತರಕಾರಿ ವಿಷ" ಅಂತ ಲೆಕ್ಕ ಪತ್ರ ಇಲ್ಲದೆ ಹರಡೋದು ಒಂದು. "ಎಲ್ಲಾ ಕ್ಲೀನ್ ಇದೆ, ಅಂತರ್ಜಲ ಮೇಲೆ ಬಂದಿದೆ, ಸಾಕು ಸುಮ್ನಿರಿ" ಅನ್ನೋದು ಇನ್ನೊಂದು, ನನ್ನ ಪ್ರಕಾರ ಇದೂ ಅಷ್ಟೇ ಕೆಟ್ಟದ್ದು. ಬತ್ತಿದ್ದ ಬೋರುಗಳಲ್ಲಿ ನೀರು ಬಂದಿದ್ದು ನಿಜ, ಭಾರತೀಯ ವಿಜ್ಞಾನ ಸಂಸ್ಥೆಯೋರು ಅಳೆದು ಹೇಳಿದಾರೆ, ನಮ್ಮ ರೈತರೇ ಹೇಳ್ತಾರೆ. ಆದ್ರೆ ನೀರು ಎಷ್ಟು ಬಂತು ಅನ್ನೋದು ಒಂದು ಪ್ರಶ್ನೆ, ಹೆಂಗಿದೆ ಅನ್ನೋದು ಬೇರೆ ಪ್ರಶ್ನೆ, ಒಂದಕ್ಕೆ ಉತ್ತರ ಕೊಟ್ಟು ಎರಡಕ್ಕೂ ಆಯ್ತು ಅನ್ನಬಾರದು. ಮೂರನೇದು ನಿಮ್ಮದು, ಸರಿಯಾದ ಪ್ರಶ್ನೆ: ಈ ನೀರು ಎರಡನೇ ಹಂತದ ಶುದ್ಧೀಕರಣ ಆಗಿ ಬರೋದು, ಅಂದ್ರೆ ಕಸ ಕೆಳಗೆ ಕೂರಿಸಿ, ಬ್ಯಾಕ್ಟೀರಿಯಾ ಬಿಟ್ಟು ಕೊಳೆ ತಿನ್ನಿಸಿ ಬಿಟ್ಟಿದ್ದು. ಮಿಕ್ಕ ರಂಜಕ, ಸಾರಜನಕ, ಸೋಪಿನ ಅಂಶ ತೆಗೆಯೋ ಮೂರನೇ ಹಂತ ಯಾಕಿಲ್ಲ? ಬರ್ತಾ ಬರ್ತಾ ಕೆರೆ ಮಣ್ಣಲ್ಲಿ ಲೋಹದ ಅಂಶ ಸೇರ್ತಿದ್ಯಾ? ಕುಡಿಯೋ ನೀರಿನ ಬೋರುಗಳನ್ನ ಯಾರು, ಎಷ್ಟು ತಿಂಗಳಿಗೊಂದು ಸಲ ಪರೀಕ್ಷೆ ಮಾಡ್ತಾರೆ, ರಿಪೋರ್ಟ್ ಕನ್ನಡದಲ್ಲಿ ಕೆರೆ ಏರಿ ಮೇಲೆ ಯಾಕೆ ಹಾಕಲ್ಲ?

ಪ್ರಶ್ನೆ ಕೇಳೋನಿಗೂ ಪುಕಾರು ಹಬ್ಬಿಸೋನಿಗೂ ವ್ಯತ್ಯಾಸ ಒಂದೇ, ರಿಪೋರ್ಟ್ ಬಂದು ನಿಮ್ಮ ಭಯ ತಪ್ಪು ಅಂತ ತೋರಿಸಿದ್ರೆ ಒಪ್ಕೊಳ್ತೀರಾ ಅನ್ನೋದು. ಆ ಕಡೆಯೋರಿಗೂ ಅದೇ ಪರೀಕ್ಷೆ.

"ಅಧ್ಯಯನದಿಂದ ತಿಳಿದುಬಂದಿದೆ" ಅಂತ ಪೇಪರಲ್ಲಿ ಬಂದ್ರೆ ನಂಬಬಹುದಲ್ವಾ?

ಅಧ್ಯಯನ ಇಲಿ ಮೇಲೋ ಮನುಷ್ಯರ ಮೇಲೋ, ಎಷ್ಟು ಜನದ ಮೇಲೆ, ಹೋಲಿಸಿ ನೋಡೋಕೆ ಇನ್ನೊಂದು ಗುಂಪು ಇತ್ತಾ, ದುಡ್ಡು ಕೊಟ್ಟಿದ್ಯಾರು, ಇಷ್ಟು ನೋಡಿ. "ಅಪಾಯ ಡಬಲ್" ಅಂತ ಇದ್ರೆ ಎಷ್ಟರಿಂದ ಎಷ್ಟಕ್ಕೆ ಅಂತ ಕೇಳಿ, ಲಕ್ಷಕ್ಕೆ ಒಬ್ಬರಿದ್ದಿದ್ದು ಇಬ್ಬರಾದ್ರೂ ಡಬಲ್ಲೇ. ದೊಡ್ಡ ಪತ್ರಿಕೇಲಿ ಬಂದಿದ್ದೂ ತಪ್ಪಾಗಬಹುದು, ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಇಂಗ್ಲೆಂಡಿನ ಲೇಖನ 1998ರಲ್ಲಿ ಲ್ಯಾನ್ಸೆಟ್ ಅನ್ನೋ ಡಾಕ್ಟ್ರುಗಳ ಪತ್ರಿಕೇಲಿ ಬಂದು 2010ರಲ್ಲಿ ವಾಪಸ್ ತಗೊಂಡ್ರು. ನೋಡಿದ್ದು ಬರೀ ಹನ್ನೆರಡು ಮಕ್ಕಳನ್ನ. ವಾಪಸ್ ತಗೊಂಡ ಸುದ್ದಿ ಇನ್ನೂ ಎಷ್ಟೋ ಮನೆಗೆ ತಲುಪಿಲ್ಲ.

ದೊಡ್ಡ ಡಾಕ್ಟ್ರೇ ವಿಡಿಯೋದಲ್ಲಿ ಬಂದು ಮಂಡಿ ನೋವಿನ ಔಷಧಿ ಹೇಳ್ತಿದಾರೆ, ಮುಖ ಅವರದ್ದೇ, ದನಿ ಅವರದ್ದೇ?

ಮುಖ, ದನಿ ಎರಡನ್ನೂ ಈಗ ಕಂಪ್ಯೂಟರ್‌ನಲ್ಲಿ ಮಾಡ್ತಾರೆ. ತುಟಿ ನೋಡಿ ಕಂಡುಹಿಡೀರಿ ಅಂತ ಮೊದಲು ಹೇಳ್ತಿದ್ದೆ, ಈಗ ನನಗೇ ಗೊತ್ತಾಗಲ್ಲ. ಕೆಳಗೆ ಆರ್ಡರ್ ಮಾಡೋ ಬಟನ್ ಇದ್ಯಾ? ಇದ್ರೆ ಬಿಟ್ಟುಬಿಡಿ.

ದೇವರನ್ನ ನಂಬೋರು ವಿಜ್ಞಾನ ನಂಬಬಾರದಾ? ಎಚ್ಚೆನ್ ಅವರು ಎಲ್ಲಾನೂ ಬೈತಿದ್ರಂತೆ?

ಎಚ್. ನರಸಿಂಹಯ್ಯನೋರು ನಮ್ಮೋರು, ಗೌರಿಬಿದನೂರು ತಾಲೂಕಿನ ಹೊಸೂರಿನ ಬಡವರ ಮನೆ ಹುಡುಗ, ಅಮೆರಿಕಾದಲ್ಲಿ ಫಿಸಿಕ್ಸ್ ಡಾಕ್ಟರೇಟ್ ಮಾಡಿ ಬಂದು ಕೊನೇವರೆಗೂ ನ್ಯಾಷನಲ್ ಕಾಲೇಜ್ ಹಾಸ್ಟೆಲ್ ರೂಮಲ್ಲೇ ಇದ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋ ಸಮಿತಿ ಮಾಡಿದ್ರು, ಸತ್ಯಸಾಯಿ ಬಾಬಾ ಅವರಿಗೆ ನಮ್ಮ ಮುಂದೆ ಮಾಡಿ ತೋರಿಸಿ ಅಂತ ಪತ್ರ ಬರೆದ್ರು, ಅವರು ಒಪ್ಪಲಿಲ್ಲ. ಉಂಗುರ ಬೇಡ, ಕುಂಬಳಕಾಯಿ ತೆಗೆದು ತೋರಿಸಿ, ಅದನ್ನ ತೋಳಲ್ಲಿ ಬಚ್ಚಿಡೋಕಾಗಲ್ಲ ಅಂದ್ರಂತೆ ಅನ್ನೋ ಮಾತು ಇವತ್ತಿಗೂ ನಮ್ಮ ಕಡೆ ಓಡಾಡತ್ತೆ. ಗಮನಿಸಿ, ಅವರು ಸುಳ್ಳು ಅಂತ ತೀರ್ಪು ಕೊಡೋಕೆ ಹೋಗಲಿಲ್ಲ, ತೋರಿಸಿ ಅಂತ ಕೇಳಿದ್ರು.

ದೇವಸ್ಥಾನಕ್ಕೆ ಹೋಗೋರಿಗೆ ನನ್ನ ತಕರಾರೇನಿಲ್ಲ, ನಮ್ಮ ಮನೆಯೋರು ವರ್ಷಾ ವರ್ಷಾ ದೇವರಾಯನದುರ್ಗಕ್ಕೆ ಹೋಗ್ತಾರೆ, ನಾನು ಡ್ರೈವರ್. ತಕರಾರು ಇರೋದು ಅಳೆಯಬಹುದಾದ ವಿಷಯಾನ ಅಳೆಯೋಕೆ ಬಿಡದೆ ಇದ್ದಾಗ ಮಾತ್ರ.

ನಿಮ್ಮನ್ನ ಯಾಕೆ ನಂಬಬೇಕು ಮೇಷ್ಟ್ರೇ?

ಮಾಲೂರು ಕಡೆ ಒಬ್ಬ ಹುಡುಗ ಕೇಳಿದ್ದು ಇದು. ನಂಬಬೇಡ ಅಂದೆ, ಆಮೇಲೆ ಈ ಕಥೆ ಹೇಳಿದೆ.

ದೀಪಾವಳಿ ರಾತ್ರಿ ನಾಸಾ ತೆಗೆದ ಭಾರತದ ಫೋಟೋ ಅಂತ ಒಂದು ಬರ್ತಿತ್ತಲ್ಲ, ದೇಶ ಪೂರ್ತಿ ಬಣ್ಣ ಬಣ್ಣವಾಗಿ ಹೊಳೀತಿರೋದು. ನಾನು ಅದನ್ನ ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಲ್ಯಾಬ್ ಗೋಡೆಗೆ ಹಾಕಿದ್ದೆ. ಎರಡು ವರ್ಷ ಇತ್ತು. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ, ಹಿಂದಿನ ಬೆಂಚು, ಯಾವತ್ತೂ ಬಾಯಿ ಬಿಡ್ತಿರಲಿಲ್ಲ, ಒಂದಿನ ಕೇಳಿದ್ಲು: "ಸಾರ್, ಪಾಕಿಸ್ತಾನದಲ್ಲೂ ದೀಪಾವಳಿ ಮಾಡ್ತಾರಾ? ಅಲ್ಲೂ ಲೈಟ್ ಹಂಗೇ ಇದೆ." ಮನೆಗೆ ಹೋಗಿ ಹುಡುಕಿದೆ. ಅದು ಅಮೆರಿಕಾದ ಇನ್ನೊಂದು ಸಂಸ್ಥೆ, ನೋವಾದ ವಿಜ್ಞಾನಿ 2003ರಲ್ಲಿ ಹಲವು ವರ್ಷದ ಉಪಗ್ರಹ ಚಿತ್ರ ಒಟ್ಟು ಹಾಕಿ ಮಾಡಿದ್ದು. ಬಿಳಿ ಅಂದ್ರೆ ಹಳೇ ಲೈಟು, ನೀಲಿ, ಹಸಿರು, ಕೆಂಪು ಅಂದ್ರೆ ಆಮೇಲೆ ಆಮೇಲೆ ಬಂದ ಲೈಟು. ದೀಪಾವಳಿಗೆ ಸಂಬಂಧಾನೇ ಇಲ್ಲ. 2012ರಲ್ಲಿ ನಾಸಾದೋರೇ ನಿಜವಾದ ದೀಪಾವಳಿ ಸಮಯದ ಚಿತ್ರ ಹಾಕಿ, ಹಬ್ಬದ ಹೆಚ್ಚುವರಿ ಬೆಳಕು ಆಕಾಶದಿಂದ ಕಾಣೋದೇ ಕಷ್ಟ ಅಂತ ಬರೆದಿದ್ರು.

ಮಾರನೇ ದಿನ ಕ್ಲಾಸಲ್ಲಿ ಹೇಳಿದೆ. ಫೋಟೋ ತೆಗೆದು ಬಿಸಾಡೋಕೆ ಹೋದ್ರೆ ಆ ಹುಡುಗಿ ಬೇಡ ಸಾರ್ ಅಂದ್ಲು, ಕೆಳಗೆ ಒಂದು ಚೀಟಿ ಬರೆದು ಅಂಟಿಸಿದ್ಲು, "ಇದು ದೀಪಾವಳಿ ಫೋಟೋ ಅಲ್ಲ" ಅಂತ. ನಾನು ರಿಟೈರ್ ಆಗೋ ದಿನಾನೂ ಆ ಚೀಟಿ ಅಲ್ಲೇ ಇತ್ತು, ಒಂದು ಮೂಲೆ ಮಾತ್ರ ಹಲ್ಲಿ ಓಡಾಡಿ ಕಿತ್ತುಹೋಗಿತ್ತು.